ಉಸಿರಿಗಾಗಿ ಬಂದವರ ಊರು

ನಮ್ಮ ಬೀದಿಯ ಕಿತ್ತಳೆ ಮರಗಳಿಗೆಲ್ಲ ಬುಡದಿಂದ ಸೊಂಟದೆತ್ತರದವರೆಗೆ ಬಿಳಿ ಬಣ್ಣ ಬಳಿದಿದೆ. ಮೊದಲ ಸಲ ನೋಡಿದಾಗ ನಮ್ಮೆಜಮಾನರು, “ನೋಡೇ, ಮರಗಳೆಲ್ಲ ಪಂಚೆ ಉಟ್ಟುಕೊಂಡು ನಿಂತಿವೆ” ಅಂದಿದ್ದರು. ನನಗೆ ನೆನಪಾದದ್ದು ಚಳ್ಳಕೆರೆ–ಚಿತ್ರದುರ್ಗದ ರಸ್ತೆಯ ಹುಣಸೆ ಮರಗಳು. ಅಲ್ಲಿ ಸುಣ್ಣ ಬಳಿದು ನಡುವೆ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದರು, ರಾತ್ರಿ ಲಾರಿಯವರ ಕಣ್ಣಿಗೆ ಬೀಳಲಿ ಅಂತ. ಇಲ್ಲಿ ಬಳಿಯುವುದು ಬಿಸಿಲಿಗೆ ತೊಗಟೆ ಬೆಂದು ಸೀಳದಿರಲಿ ಅಂತ. ಮರವೇ ತಡೆಯಲಾರದ ಬಿಸಿಲನ್ನು ಹುಡುಕಿಕೊಂಡು ಸುಮಾರು 40,000 ಜನ ಬಂದು ಈ ಊರಲ್ಲಿ ನೆಲೆಸಿದ್ದಾರೆ. ಅವರಲ್ಲಿ ನಾವೂ ಇಬ್ಬರು.

ಊರಿನ ಹೆಸರು ಸನ್ ಸಿಟಿ. ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ವಾಯವ್ಯಕ್ಕಿದೆ. ಇದಕ್ಕೆ ಮೊದಲು 31 ವರ್ಷ ನಾವಿದ್ದದ್ದು ಮಿನ್ನೆಸೋಟ ರಾಜ್ಯದ ಡುಲುತ್‌ನಲ್ಲಿ, ಸುಪೀರಿಯರ್ ಸರೋವರದ ದಡದಲ್ಲಿ. ಇವರಿಗೆ ಅದಿರಿನ ಕಂಪನಿಯಲ್ಲಿ ಕೆಲಸ, ನನಗೆ ಶಾಲೆಯ ಲೈಬ್ರರಿಯಲ್ಲಿ. ಅಲ್ಲಿ ಜನವರಿಯ ಕೆಲವು ರಾತ್ರಿ ಸೊನ್ನೆಯ ಕೆಳಗೆ 30 ಡಿಗ್ರಿಯವರೆಗೂ ಇಳಿಯುತ್ತದೆ. ವಯಸ್ಸಿದ್ದಾಗ ಅದೇನೂ ಅನ್ನಿಸಲಿಲ್ಲ. ಎರಡು ಚಳಿಗಾಲ ಒಂದರ ಹಿಂದೊಂದು ಇವರಿಗೆ ನ್ಯುಮೋನಿಯಾ ಆಯಿತು. ಆಮೇಲೆ ಮನೆಯಿಂದ ಕಾರಿನವರೆಗೆ ನಡೆದರೂ ಎದೆ ಹಿಡಿಯತೊಡಗಿತು. ರಾತ್ರಿ ಪಕ್ಕದಲ್ಲಿ ಮಲಗಿ ಆ ಸಿಳ್ಳೆಯಂಥ ಉಸಿರನ್ನು ಎಣಿಸುತ್ತಿದ್ದೆ. ಡಾಕ್ಟರು ಹೇಳಿದ್ದು ನಮ್ಮೂರಿನ ಹಳೆಯ ಡಾಕ್ಟರುಗಳು ಹೇಳುತ್ತಿದ್ದ ಮಾತನ್ನೇ: ಹವಾ ಬದಲಾಯಿಸಿ.

ಎಲ್ಲಿಗೆ? ನಾನು ಮೈಸೂರು ಅಂದೆ. ಇವರಿಗೂ ಆಸೆಯಿತ್ತು. ಆದರೆ ಮೂರು ದಶಕ ಸಂಬಳದಲ್ಲಿ ಹಿಡಿಸಿಕೊಂಡು ಗಳಿಸಿದ ಮೆಡಿಕೇರ್ ವಿಮೆ ದೇಶ ದಾಟಿದರೆ ನಡೆಯುವುದಿಲ್ಲ. ಉಸಿರಾಟದ ಕಾಯಿಲೆ ಕಟ್ಟಿಕೊಂಡು ಅದನ್ನು ಬಿಟ್ಟುಹೋಗುವ ಧೈರ್ಯ ಬರಲಿಲ್ಲ. ಮಗಳು, ಮೊಮ್ಮಗಳು ಮಿನಿಯಾಪೊಲಿಸ್‌ನಲ್ಲಿ. ಫ್ಲಾರಿಡಾಕ್ಕೆ ಹೋಗಿ ಹತ್ತು ದಿನ ಇದ್ದು ನೋಡಿದೆವು. ಬೆಚ್ಚಗಿತ್ತು, ನಿಜ, ಆದರೆ ಆ ಗಾಳಿ ಹಿಂಡದ ಬಟ್ಟೆಯ ಹಾಗೆ ಮೈಗಂಟಿಕೊಳ್ಳುತ್ತಿತ್ತು. ಆಮೇಲೆ ಒಂದು ಫೆಬ್ರವರಿಯಲ್ಲಿ ಇಲ್ಲಿಗೆ ಬಂದೆವು. ಮೂರನೆಯ ಬೆಳಿಗ್ಗೆ ಇವರು ಎದ್ದು ಹಲ್ಲುಜ್ಜಿ ಕಾಫಿಗೆ ಬಂದು ಕೂತರು. ಇನ್ಹೇಲರ್ ಹಾಸಿಗೆಯ ಪಕ್ಕದಲ್ಲೇ ಇತ್ತು; ಅದನ್ನು ಹುಡುಕಿರಲಿಲ್ಲ. ಇಬ್ಬರೂ ಏನೂ ಮಾತಾಡಲಿಲ್ಲ. ಅವತ್ತೇ ನಿರ್ಧಾರವಾಯಿತು ಅಂತ ಈಗ ಅನ್ನಿಸುತ್ತದೆ.

ಲೈಬ್ರರಿಯಲ್ಲಿ ಬದುಕು ಕಳೆದವಳು ನಾನು. ಮನೆ ಕೊಳ್ಳುವ ಮೊದಲು ಊರಿನ ಕತೆ ಓದದಿದ್ದರೆ ಸಮಾಧಾನವಿಲ್ಲ. ಓದುತ್ತ ಹೋದಂತೆ ಗೊತ್ತಾದದ್ದು, ಈ ಸೀಮೆಗೆ ಉಸಿರಿಗಾಗಿ ಬಂದವರಲ್ಲಿ ನಾವು ಬಹಳ ಕೊನೆಯವರು.

ಕ್ಷಯಕ್ಕೆ ಔಷಧಿಯೇ ಇಲ್ಲದ ಕಾಲವೊಂದಿತ್ತಲ್ಲ. 19ನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ಪೂರ್ವಭಾಗದ ವೈದ್ಯರು ರೋಗಿಗಳಿಗೆ ಒಣ ಹವೆಯನ್ನೇ ಔಷಧಿಯಾಗಿ ಹೇಳುತ್ತಿದ್ದರು. ಹೊಗೆ ತುಂಬಿದ ಕಾರ್ಖಾನೆಯ ಊರುಗಳಿಂದ ಜನ ರೈಲು ಹತ್ತಿ ಫೀನಿಕ್ಸ್‌ಗೆ, ಟೂಸಾನ್‌ಗೆ ಬಂದರು. ದುಡ್ಡಿದ್ದವರು ಸ್ಯಾನಟೋರಿಯಂ ಸೇರಿದರು, ಇಲ್ಲದವರು ಮರಳಿನಲ್ಲಿ ಡೇರೆ ಹಾಕಿದರು. ಊರಿನವರು ಅವರನ್ನು ‘ಲಂಗರ್’ ಅಂತ ಕರೆದರು, ಎದೆರೋಗದವರು ಅನ್ನುವ ಹಾಗೆ. ಫೀನಿಕ್ಸ್ ಊರೊಳಗೆ ಡೇರೆ ಹಾಕಕೂಡದು ಅಂತ ಕಾನೂನೇ ಬಂತು. ಅವರು ಉತ್ತರದ ಗುಡ್ಡದ ಬುಡಕ್ಕೆ, ಸನ್ನಿಸ್ಲೋಪ್ ಅನ್ನುವ ಕಡೆಗೆ ಸರಿದುಹೋದರು. ನೀರಿಲ್ಲ, ದೀಪವಿಲ್ಲ, ಬಿಸಿಲು ಮಾತ್ರ ಬೇಕಾದಷ್ಟು. ಅವರಿಗೆ ಊಟ, ಹಾಲು, ಹೊದಿಕೆ ಹೊತ್ತುಕೊಂಡು ಹೋದವರು ಎಲಿಜಬೆತ್ ಬೀಟಿ ಮತ್ತು ಮಾರ್ಗರೀಟ್ ಕಾಲಿ ಎಂಬ ಇಬ್ಬರು ಹೆಂಗಸರು. ಅವರು ಶುರುಮಾಡಿದ ಆ ಸೇವೆಯೇ ಮುಂದೆ ಡೆಸರ್ಟ್ ಮಿಷನ್ ಆಯಿತು. 1931ರಲ್ಲಿ ಹೆಂಡತಿ ಹೆಲೆನ್‌ಳ ಕ್ಷಯಕ್ಕಾಗಿ ಕ್ಲೀವ್‌ಲ್ಯಾಂಡ್‌ನಿಂದ ಬಂದ ಉದ್ಯಮಿ ಜಾನ್ ಸಿ. ಲಿಂಕನ್ ಅದಕ್ಕೆ ಕೈಬಿಚ್ಚಿ ದುಡ್ಡು ಕೊಟ್ಟರು. ಹೆಲೆನ್ ಗುಣವಾಗಿ ಬಹುಕಾಲ ಬಾಳಿದರು.

ಇದನ್ನು ಓದುವಾಗ ನನಗೆ ನಮ್ಮಜ್ಜಿಯ ತಮ್ಮ ನೆನಪಾದರು. ಮೈಸೂರಿನ ಪಿ.ಕೆ. ಸ್ಯಾನಟೋರಿಯಂನಲ್ಲಿ ಎರಡು ವರ್ಷ ಇದ್ದವರು. ನಾಲ್ವಡಿ ಕೃಷ್ಣರಾಜ ಒಡೆಯರು ಕ್ಷಯದಿಂದ ತೀರಿಕೊಂಡ ತಮ್ಮ ತಂಗಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ ಆಸ್ಪತ್ರೆ ಅದು. ಅಜ್ಜಿ ಹೇಳುತ್ತಿದ್ದರು: ಮಂಚಗಳನ್ನು ಮೊಗಸಾಲೆಯಲ್ಲಿ ಸಾಲಾಗಿ ಹಾಕಿರುತ್ತಿದ್ದರಂತೆ, ಗಾಳಿ ಬಿಸಿಲು ಬೀಳುವ ಹಾಗೆ. ನೋಡಲು ಹೋದವರು ಹತ್ತು ಮಾರು ದೂರ ನಿಂತು ಮಾತಾಡಿಸಿ ಬರಬೇಕು. ಆ ಹತ್ತು ಮಾರು ನನ್ನ ಅಜ್ಜಿಯ ಮನಸ್ಸಿನಿಂದ ಕೊನೆಯವರೆಗೂ ಹೋಗಲಿಲ್ಲ. ಸನ್ನಿಸ್ಲೋಪ್‌ನ ಡೇರೆಗಳಿಗೂ ಊರಿಗೂ ನಡುವೆ ಇದ್ದದ್ದು ಅದೇ ದೂರ.

ಚಳಿಗಾಲದಲ್ಲಿ ಸ್ವರ್ಗವಾದ ಈ ನೆಲ ಬೇಸಿಗೆಯಲ್ಲಿ ಕೆಂಡ. ಹಾಗಿದ್ದೂ ಜನ ವರ್ಷವಿಡೀ ನಿಲ್ಲುವಂತಾದದ್ದು ಹೇಗೆ ಎಂಬುದಕ್ಕೆ ಉತ್ತರ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಬಿದ್ದಿದೆ. ಹಿಂದಿನ ಮಾಲೀಕರು ಬಿಟ್ಟುಹೋದ ತಗಡಿನ ಪೆಟ್ಟಿಗೆ ಅದು. ಮೂರು ಕಡೆ ಮರದ ಎಳೆಗಳನ್ನು ತುಂಬಿದ ಚೌಕಟ್ಟು, ಒಳಗೆ ಪುಟ್ಟ ಪಂಪು, ಒಂದು ಫ್ಯಾನು. ನೀರು ಆ ಎಳೆಗಳ ಮೇಲೆ ಜಿನುಗುತ್ತದೆ, ಫ್ಯಾನು ಅದರ ಮೂಲಕ ಹೊರಗಿನ ಬಿಸಿಗಾಳಿಯನ್ನು ಎಳೆದು ತಂಪು ಮಾಡಿ ಒಳಗೆ ಬಿಡುತ್ತದೆ. ಇಲ್ಲಿನವರು ಇದನ್ನು ‘ಸ್ವಾಂಪ್ ಕೂಲರ್’ ಅನ್ನುತ್ತಾರೆ. 1930ರ ದಶಕದಲ್ಲಿ ಫೀನಿಕ್ಸ್ ಮತ್ತು ಟೂಸಾನ್‌ಗಳಲ್ಲಿ ಇದು ಮನೆಮನೆಗೂ ಹಬ್ಬಿತು. ಆಸ್ಪೆನ್ ಮರದ ಎಳೆ ಒಳ್ಳೆಯದು ಅಂತ ಹೆಸರು. ನಾನು ಒಣಗಿದ ಆ ಎಳೆಯನ್ನು ಒಂದು ಹಿಡಿ ಕಿತ್ತು ನೀರಿಗದ್ದಿ ಮೂಸಿದೆ. ಒದ್ದೆ ಮರದ ವಾಸನೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಕಚೇರಿಗಳ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ, ಜವಾನನೊಬ್ಬ ಗಂಟೆಗೊಮ್ಮೆ ನೀರು ಎರಚುತ್ತಿದ್ದ. ತತ್ವ ಅದೇ, ಪರಿಮಳ ಮಾತ್ರ ಬೇರೆ. ಗಾಳಿ ಒಣಗಿದ್ದಷ್ಟೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಹಾಗಾಗಿ ಕ್ಷಯದವರನ್ನು ಕರೆತಂದ ಒಣ ಹವೆಯೇ ಉಳಿದವರಿಗೂ ಇಲ್ಲಿ ಬೇಸಿಗೆ ಕಳೆಯಲು ಅನುವು ಮಾಡಿಕೊಟ್ಟಿತು. ಎರಡನೆಯ ಮಹಾಯುದ್ಧದ ನಂತರ ಈಗಿನಂಥ ಏರ್ ಕಂಡಿಷನರ್‌ಗಳು ಬಂದವು. ಅದೇ ಕಾಲಕ್ಕೆ ಸ್ಟ್ರೆಪ್ಟೊಮೈಸಿನ್ ಬಂದು ಡೇರೆಗಳ ಕಾಲ ಮುಗಿಯಿತು.

ಇನ್ನೊಂದು ಕಡೆ, ಮುಪ್ಪಿಗೆ ಕೈಯಲ್ಲಿ ಒಂದಿಷ್ಟು ಕಾಸು ಬಂದಿತ್ತು. 1935ರ ಸೋಷಿಯಲ್ ಸೆಕ್ಯುರಿಟಿ ಕಾನೂನಿನ ಪ್ರಕಾರ ತಿಂಗಳ ಪಿಂಚಣಿಯ ಮೊದಲ ಚೆಕ್ಕು ಬರೆದದ್ದು 1940ರ ಜನವರಿ 31ರಂದು, ವರ್ಮಾಂಟ್ ರಾಜ್ಯದ ಲಡ್ಲೋ ಎಂಬ ಊರಿನ ಐಡಾ ಮೇ ಫುಲ್ಲರ್ ಅವರ ಹೆಸರಿಗೆ. ಮೊತ್ತ 22 ಡಾಲರ್ 54 ಸೆಂಟ್. ಆಕೆ ನೂರು ವರ್ಷ ಬದುಕಿದರು. ಆ ಪುಟ್ಟ ಚೆಕ್ಕಿನ ಬಗ್ಗೆ ನನಗೆ ತುಂಬ ಗೌರವ. ಮಗನ ಮುಖ, ಸೊಸೆಯ ಮುಖ ನೋಡದೆ ತಾನೆಲ್ಲಿರಬೇಕು ಅಂತ ಒಬ್ಬ ಮುದುಕಿ ತಾನೇ ಯೋಚಿಸುವುದಕ್ಕೆ ದಾರಿಯಾದದ್ದು ಅದರಿಂದ.

ಹಾಗೆ ಯೋಚಿಸುವವರಿಗೆ ಒಂದು ಊರನ್ನೇ ಕಟ್ಟಬಹುದು ಅಂತ ಮೊದಲು ಹೊಳೆದದ್ದು ಬೆನ್ ಶ್ಲೈಫರ್ ಎಂಬಾತನಿಗೆ. ಹುಟ್ಟಿದ್ದು ರಷ್ಯಾದಲ್ಲಿ, ಬೆಳೆದದ್ದು ಅಮೆರಿಕದಲ್ಲಿ. ಅರಿಜೋನಾಕ್ಕೆ ಬಂದದ್ದು, ಕೇಳಿ, ಉಬ್ಬಸಕ್ಕೆ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ವೃದ್ಧಾಶ್ರಮ ಸೇರಿದ್ದ ಗೆಳೆಯನನ್ನು ನೋಡಲು ಹೋದಾಗ, ಅಲ್ಲಿ ಏಳುವುದು, ಉಣ್ಣುವುದು, ಮಲಗುವುದೆಲ್ಲ ಬೇರೆಯವರ ಗಂಟೆಗೆ ತಕ್ಕ ಹಾಗೆ ನಡೆಯುವುದನ್ನು ಕಂಡು ಮರುಗಿದನಂತೆ. 1954ರಲ್ಲಿ ಪಾಲುದಾರನೊಬ್ಬನ ಜೊತೆ ಸೇರಿ ಫೀನಿಕ್ಸ್ ಹೊರಗೆ ಒಂದು ಹೊಲ ಕೊಂಡು ಪುಟ್ಟ ಮನೆಗಳನ್ನು ಕಟ್ಟಿಸಿದ, ಹಿರಿಯರಿಗೆ ಮಾತ್ರ. ಊರಿಗೆ ‘ಯಂಗ್‌ಟೌನ್’ ಅಂತ ಹೆಸರಿಟ್ಟ. ನಿವೃತ್ತರ ದೊಡ್ಡ ಸಂಘಟನೆ ಎ.ಎ.ಆರ್.ಪಿ.ಯ ಮೊಟ್ಟಮೊದಲ ಶಾಖೆ ತೆರೆದದ್ದೂ ಆ ಊರಿನಲ್ಲೇ. ನಮ್ಮ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ. ಶ್ಲೈಫರನ ಹೆಸರು ಇವತ್ತು ಹೆಚ್ಚು ಜನಕ್ಕೆ ಗೊತ್ತಿಲ್ಲ, ಅದು ನನಗೆ ನೋವಿನ ಸಂಗತಿ.

ಹೆಸರು ಬಂದದ್ದು ಡೆಲ್ ವೆಬ್‌ಗೆ. ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ 1899ರಲ್ಲಿ ಹುಟ್ಟಿದ ಬಡಗಿ. ಬೇಸ್‌ಬಾಲ್ ಆಟಗಾರನಾಗುವ ಕನಸಿತ್ತು. 1927ರಲ್ಲಿ ಟೈಫಾಯ್ಡ್ ಬಂದು ಹಾಸಿಗೆ ಹಿಡಿದು, ಸುಧಾರಿಸಿಕೊಳ್ಳಲೆಂದು ಫೀನಿಕ್ಸ್‌ಗೆ ಬಂದ. ಇವನೂ ಕಾಯಿಲೆಯ ಕಾರಣಕ್ಕೇ ಬಂದವನು. ಕಂಟ್ರಾಕ್ಟರನಾಗಿ ಬೆಳೆದು ದೇಶದ ದೊಡ್ಡ ಕಟ್ಟಡ ಕಂಪನಿಗಳಲ್ಲೊಂದನ್ನು ಕಟ್ಟಿದ, ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೇ ಪಾಲುದಾರ ಮಾಲೀಕನಾದ. ಆದರೆ ಇನ್ನೊಂದು ವಿಷಯವನ್ನೂ ಹೇಳಬೇಕು. 1942ರಲ್ಲಿ ಅಮೆರಿಕದ ಸರ್ಕಾರ ಜಪಾನಿ ಮೂಲದ ತನ್ನದೇ ಪ್ರಜೆಗಳನ್ನು ಮನೆಯಿಂದೆಬ್ಬಿಸಿ ಮರುಭೂಮಿಯ ಶಿಬಿರಗಳಲ್ಲಿ ಕೂಡಿಹಾಕಿತಲ್ಲ, ಅವುಗಳಲ್ಲಿ ಅರಿಜೋನಾದ ಪೋಸ್ಟನ್ ಶಿಬಿರವನ್ನು ಕಟ್ಟಿದ್ದು ಇದೇ ವೆಬ್ ಕಂಪನಿ. ಅಲ್ಲಿ ಇದ್ದವರು 17,000ಕ್ಕೂ ಹೆಚ್ಚು ಜನ, ಮುದುಕರು ಮಕ್ಕಳೂ ಸೇರಿ. ಅದೇ ಬಿಸಿಲಿನಲ್ಲಿ. ನಾನು ವಾಸವಾಗಿರುವ ಊರಿನ ಚರಿತ್ರೆಯಿಂದ ಆ ಪುಟ ಹರಿದುಹಾಕಲು ನನಗೆ ಮನಸ್ಸಿಲ್ಲ.

ವೆಬ್ ಕಂಪನಿ ಸನ್ ಸಿಟಿಗೆ ಆರಿಸಿದ್ದು ಬಾಸ್‌ವೆಲ್ ಕಂಪನಿಯ ಹತ್ತಿಯ ಹೊಲಗಳನ್ನು. ಮುಪ್ಪಿನ ಬಗ್ಗೆ ಅಧ್ಯಯನ ಮಾಡಿದವರು ಇದು ನಡೆಯುವುದಿಲ್ಲ ಅಂದರು: ಹಿರಿಯರು ಮಕ್ಕಳು ಮೊಮ್ಮಕ್ಕಳನ್ನು ಬಿಟ್ಟು ಬರುವುದಿಲ್ಲ, ಬಂದರೂ ಬರೀ ಮುದುಕರ ನಡುವೆ ಇರಲಾರರು. ವೆಬ್ ಕಂಪನಿಯ ಟಾಮ್ ಬ್ರೀನ್ ಮತ್ತು ಸಂಗಡಿಗರು ಯಂಗ್‌ಟೌನ್‌ಗೆ ಹೋಗಿ ನೋಡಿ, ಅಲ್ಲಿನವರನ್ನು ಮಾತಾಡಿಸಿ, ಬೇರೆ ತೀರ್ಮಾನಕ್ಕೆ ಬಂದರು. ಮುಂದೆ ಕಟ್ಟುತ್ತೇವೆ ಎಂಬ ಮಾತನ್ನು ವಯಸ್ಸಾದವರು ನಂಬಿ ಕಾಯುವ ಹಾಗಿಲ್ಲ, ಅವರಿಗೆ ಅಷ್ಟು ಸಮಯವಿಲ್ಲ. ಆದ್ದರಿಂದ ಮನೆ ಮಾರುವ ಮೊದಲೇ ಗಾಲ್ಫ್ ಮೈದಾನ, ಈಜುಕೊಳ ಮತ್ತು ಕೈಗೆಲಸದ ಕೋಣೆಗಳಿದ್ದ ಸಮುದಾಯ ಭವನ, ಅಂಗಡಿ ಸಾಲು ಎಲ್ಲವನ್ನೂ ಕಟ್ಟಿ ಮುಗಿಸಿದರು. ಆ ತಿಳಿವಳಿಕೆಯನ್ನು ನಾನು ಮೆಚ್ಚುತ್ತೇನೆ.

1960ರ ಜನವರಿ 1ರಂದು ಬಾಗಿಲು ತೆರೆಯಿತು. ಐದು ಮಾದರಿ ಮನೆಗಳು. ಹತ್ತು ಸಾವಿರ ಜನ ಬಂದಾರು ಅಂದುಕೊಂಡಿದ್ದರು. ಮೂರು ದಿನದಲ್ಲಿ ಬಂದವರು ಒಂದು ಲಕ್ಷ. ಕಾರುಗಳ ಸಾಲು ಮೈಲಿಗಟ್ಟಲೆ ನಿಂತಿತ್ತು. ಎಂಟೂವರೆ ಸಾವಿರ ಡಾಲರ್ ಆಸುಪಾಸಿನಿಂದ ಶುರುವಾಗುತ್ತಿದ್ದ ಮನೆಗಳಲ್ಲಿ 237 ಅಷ್ಟರಲ್ಲೇ ಮಾರಿಹೋದವು. 1962ರ ಆಗಸ್ಟ್‌ನಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ವೆಬ್ ಚಿತ್ರ ಬಂತು.

ಆ ಐದು ಮನೆಗಳಲ್ಲಿ ಒಂದು ಈಗ ಮ್ಯೂಸಿಯಂ. ನಾನು ನಾಲ್ಕು ಸಲ ಹೋಗಿದ್ದೇನೆ. ಸಿಮೆಂಟ್ ಬ್ಲಾಕಿನ ಗೋಡೆ, ತಗ್ಗು ಸೂರು, ಒಂದೇ ಒಂದು ಮೆಟ್ಟಿಲೂ ಇಲ್ಲ. ಅಡುಗೆಮನೆಯಲ್ಲಿ ನಿಂತರೆ ಒಲೆ, ತೊಟ್ಟಿ, ಫ್ರಿಜ್ಜು ಮೂರೂ ಕೈಗೆಟಕುತ್ತವೆ. ಇಬ್ಬರಿಗೆ ಸಾಕು ಅನ್ನುವಷ್ಟೇ ಅಳತೆ. ಗೋಡೆಯ ಫೋಟೋಗಳಲ್ಲಿ ಜನ ಸಾಲುಗಟ್ಟಿ ನಿಂತಿದ್ದಾರೆ, ಟೋಪಿ ಹಾಕಿದ ಗಂಡಸರು, ಕೈಚೀಲ ಹಿಡಿದ ಹೆಂಗಸರು. ನಾನು ನೋಡಿದ ಮುಖಗಳೆಲ್ಲ ಬಿಳಿಯ ಮುಖಗಳು. ಹತ್ತಿ ಬಿಡಿಸುತ್ತಿದ್ದ ಕೂಲಿಯವರ ಊರು ಎಲ್ ಮಿರಾಜ್ ಇಲ್ಲೇ ಪಕ್ಕದಲ್ಲಿತ್ತು, ಈಗಲೂ ಇದೆ. ಅವರು ಯಾರೂ ಆ ಫೋಟೋದಲ್ಲಿಲ್ಲ.

ಇನ್ನು ನನಗೆ ತುಂಬ ಕಷ್ಟವಾಗುವ ಅಧ್ಯಾಯಕ್ಕೆ ಬರುತ್ತೇನೆ. ಸನ್ ಸಿಟಿ ಆಗ ಪಿಯೋರಿಯಾ ಶಾಲಾ ಜಿಲ್ಲೆಗೆ ಸೇರಿತ್ತು. ಇಲ್ಲಿ ಶಾಲೆ ಕಟ್ಟಬೇಕಾದರೆ ಸಾಲಪತ್ರಕ್ಕೆ ಮತದಾರರ ಒಪ್ಪಿಗೆ ಬೇಕು. ನಮ್ಮ ಊರಿನ ಹಿರಿಯರು 1960ರ ದಶಕದಲ್ಲಿ, 70ರ ದಶಕದ ಮೊದಲಲ್ಲಿ, ಒಟ್ಟಾಗಿ ಹೋಗಿ ಆ ಪ್ರಸ್ತಾವಗಳನ್ನು ಮತ್ತೆ ಮತ್ತೆ ಸೋಲಿಸಿದರು. ನಮ್ಮ ಮಕ್ಕಳ ಶಾಲೆಗೆ ನಮ್ಮೂರಲ್ಲಿ ಒಮ್ಮೆ ತೆರಿಗೆ ಕಟ್ಟಿದ್ದೇವೆ, ಈಗ ಪಿಂಚಣಿಯ ಮೇಲಿದ್ದೇವೆ, ಇನ್ನೊಮ್ಮೆ ಯಾಕೆ ಅನ್ನುವುದು ಅವರ ವಾದ. ಕಡೆಗೆ 1974ರಲ್ಲಿ ಸನ್ ಸಿಟಿಯನ್ನೇ ಆ ಶಾಲಾ ಜಿಲ್ಲೆಯಿಂದ ಹೊರಗಿಟ್ಟರು. ಆ ವಾದ ನನಗೆ ಅರ್ಥವಾಗದೆ ಇಲ್ಲ. ಸೀಮಿತ ಹಣದಲ್ಲಿ ಬದುಕುವವರ ಭಯ ನನಗೂ ಗೊತ್ತು. ಆದರೆ 26 ವರ್ಷ ಮಕ್ಕಳ ಕೈಗೆ ಪುಸ್ತಕ ಕೊಟ್ಟವಳು ನಾನು. ಕ್ಲಾಸ್‌ರೂಮು ಸಾಲದೆ ಇಕ್ಕಟ್ಟಿನಲ್ಲಿ ಕೂತ ಮಕ್ಕಳ ಬೆಲೆಯಲ್ಲಿ ಈ ಊರಿನ ನೆಮ್ಮದಿಯ ಒಂದು ಪಾಲು ಬಂದಿದೆ. ಅದು ತಪ್ಪು ಅಂತ ಅಕ್ಕಪಕ್ಕದವರ ಎದುರಿಗೂ ಹೇಳಿದ್ದೇನೆ.

ಅಕ್ಕಪಕ್ಕದವರು ಕೇಳಿಸಿಕೊಂಡಿದ್ದಾರೆ ಕೂಡ. ಪುರಸಭೆಯೇ ಇಲ್ಲದ ಊರು ಇದು, ಊರಿನ ಕೆಲಸವನ್ನೂ ಆ ಅಕ್ಕಪಕ್ಕದವರೇ ಮಾಡಿಕೊಳ್ಳುತ್ತಾರೆ. ಬೀದಿ ಗುಡಿಸುವವರು, ಮರದ ಕೊಂಬೆ ಸವರುವವರು, ಈ ಮರಗಳಿಗೆ ಬಿಳಿ ಬಳಿಯುವವರು ‘ಪ್ರೈಡ್ಸ್’ ಎಂಬ ಸ್ವಯಂಸೇವಕರ ತಂಡದವರು. ಎದುರು ಮನೆಯ ಅಜ್ಜನಿಗೆ 84, ಅಯೊವಾದಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ನಸುಕಿನಲ್ಲಿ ಬಕೆಟ್ಟು, ಬ್ರಷ್ಷು ಹಿಡಿದು ಹೊರಟರೆ ಎಂಟು ಗಂಟೆಯೊಳಗೆ ಬಿಸಿಲೇರುವ ಮೊದಲು ವಾಪಸು. ಇಲ್ಲಿ ಹುಲ್ಲಿನ ಬದಲು ಅಂಗಳಕ್ಕೆ ಜಲ್ಲಿ ಹಾಸುತ್ತಾರೆ. ಅವರ ಮನೆಯ ಜಲ್ಲಿಗೆ ಹಳೆಯ ಕಾಲದ ಹಸಿರು ಬಣ್ಣ ಇನ್ನೂ ಇದೆ.

ಒಂದು ಜುಲೈ ರಾತ್ರಿ ಒಂದು ಗಂಟೆಗೆ ನಮ್ಮ ಎಸಿ ನಿಂತುಹೋಯಿತು. ರಿಪೇರಿಯವರಿಗೆ ಫೋನ್ ಮಾಡಿದರೆ ನಾಳೆ ಮಧ್ಯಾಹ್ನ ಅಂದರು. ಮೂರು ಗಂಟೆಗೆ ಮನೆಯೊಳಗೆ 34 ಡಿಗ್ರಿ. ಇವರು ಮಂಚದಂಚಿಗೆ ಕೂತು ಮೊಣಕಾಲ ಮೇಲೆ ಕೈಯೂರಿ ಉಸಿರೆಳೆಯುತ್ತಿದ್ದರು. ಡುಲುತ್‌ನ ಆ ಸಿಳ್ಳೆ ಮತ್ತೆ ಕೇಳಿಸಿತು. ನಾನು ಹೋಗಿ ಎದುರು ಮನೆಯ ಬಾಗಿಲು ಬಡಿದೆ. ಅಜ್ಜ ದೀಪ ಹಾಕಿ, ಏನು ಎತ್ತ ಕೇಳದೆ, ಹಾಲ್‌ನಲ್ಲಿ ದಿಂಬು ಹಾಕಿಕೊಟ್ಟರು. 2023ರ ಬೇಸಿಗೆಯಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ತಾಪ 110 ಫ್ಯಾರನ್‌ಹೀಟ್, ಅಂದರೆ 43 ಸೆಲ್ಸಿಯಸ್ ಮುಟ್ಟಿತು ಇಲ್ಲವೇ ದಾಟಿತು. ಆ ವರ್ಷ ಈ ಕೌಂಟಿಯಲ್ಲಿ ಸೆಕೆಯಿಂದ ಸತ್ತವರು 645 ಜನ. ಮನೆಯೊಳಗೇ ಸತ್ತವರಲ್ಲಿ ಹೆಚ್ಚಿನವರ ಮನೆಯಲ್ಲಿ ಎಸಿ ಇದ್ದೂ ಕೆಲಸ ಮಾಡುತ್ತಿರಲಿಲ್ಲ. ಗುಣಪಡಿಸುತ್ತದೆ ಅಂತ ಜನ ನಂಬಿ ಬಂದ ಬಿಸಿಲೇ ಈಗ ಕೊಲ್ಲುವಂತಾಗಿದೆ. ಮಣ್ಣಿನಲ್ಲೂ ಒಂದು ಬೂಷ್ಟಿದೆ. ಧೂಳಿನ ಜೊತೆ ಎದೆ ಸೇರಿದರೆ ‘ವ್ಯಾಲಿ ಫೀವರ್’ ಬರುತ್ತದೆ. ಗಾಳಿ ಎದ್ದ ದಿನ ನಾನು ಇವರನ್ನು ಹೊರಗೆ ಬಿಡುವುದಿಲ್ಲ.

ನೀರಿನದೂ ಹಾಗೆಯೇ. ಮಾರಿಕಣಿವೆ ಅಣೆಕಟ್ಟಿನ ನೀರು ಬಂತೇ ಇಲ್ಲವೇ ಅಂತ ಕೇಳುತ್ತ ಬೆಳೆದವಳಿಗೆ ಈ ಹಸಿರು ಗಾಲ್ಫ್ ಮೈದಾನಗಳನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟ. ಕೊಲರಾಡೊ ನದಿಯ ನೀರನ್ನು ಅರಿಜೋನಾದ ನಡುಭಾಗಕ್ಕೆ ತರುವ ಕಾಲುವೆ 336 ಮೈಲಿ ಉದ್ದ, 1973ರಿಂದ 1993ರವರೆಗೆ ತೋಡಿದ್ದು. 2021ರಲ್ಲಿ ಆ ನದಿಗೆ ಮೊದಲ ಸಲ ಅಧಿಕೃತವಾಗಿ ನೀರಿನ ಕೊರತೆ ಘೋಷಿಸಿದರು. ನಮ್ಮಂಗಳದಲ್ಲಿ ನಾನು ಹುಲ್ಲಿನ ಕಡ್ಡಿಯೂ ಇಟ್ಟಿಲ್ಲ. ಪಾತ್ರೆ ತೊಳೆದ ನೀರು ಕರಿಬೇವಿನ ಗಿಡಕ್ಕೆ.

ಯಂಗ್‌ಟೌನ್‌ನಲ್ಲಿ 1998ರಲ್ಲಿ ವಯಸ್ಸಿನ ಕಟ್ಟಳೆ ಬಿದ್ದುಹೋಯಿತು. ಹದಿಹರೆಯದ ಮೊಮ್ಮಗನನ್ನು ಮನೆಯಲ್ಲಿಟ್ಟುಕೊಂಡ ಅಜ್ಜ ಅಜ್ಜಿಯ ಮೇಲೆ ಊರು ದಂಡ ಹಾಕಲು ಹೊರಟು, ಕಡೆಗೆ ಆ ಕಟ್ಟಳೆಗೇ ಕಾನೂನಿನ ಬಲವಿಲ್ಲ ಅಂತಾಯಿತು. ಹಿರಿಯರಿಗಾಗಿಯೇ ಹುಟ್ಟಿದ ಮೊದಲ ಊರಿನಲ್ಲಿ ಈಗ ಮಕ್ಕಳು ಸೈಕಲ್ ತುಳಿಯುತ್ತಾರೆ. ನಮ್ಮ ಸನ್ ಸಿಟಿಯಲ್ಲಿ ಕಟ್ಟಳೆ ಗಟ್ಟಿಯಾಗಿಯೇ ಇದೆ. ಮನೆಯಲ್ಲಿ ಒಬ್ಬರಿಗಾದರೂ 55 ಆಗಿರಬೇಕು. 19ರೊಳಗಿನವರು ವರ್ಷಕ್ಕೆ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ.

ಅಡುಗೆಮನೆಯ ಗೋಡೆಯಲ್ಲಿ ತಂಗಿ ಬೆಂಗಳೂರಿನಿಂದ ಕಳಿಸಿದ ಕ್ಯಾಲೆಂಡರ್ ಇದೆ. ಏಕಾದಶಿ, ಸಂಕಷ್ಟಿಗಳ ಪಕ್ಕದಲ್ಲಿ ನಾನು ಪೆನ್ಸಿಲ್‌ನಿಂದ ಗೀಟು ಹಾಕುತ್ತೇನೆ, ಮೊಮ್ಮಗಳು ಇದ್ದ ದಿನಕ್ಕೊಂದು. ಜನವರಿಯ ಮೊದಲ ವಾರದಲ್ಲಿ ನಾಲ್ಕು, ಈಗ ಮಾರ್ಚ್ ರಜೆಗೆ ಬಂದ ಮೇಲೆ ಐದು. ಅವಳಿಗೆ ಒಂಬತ್ತು ವರ್ಷ. ಕಿತ್ತಳೆ ಹೂ ಬಿಟ್ಟಿದೆ, ಬೀದಿಯೆಲ್ಲ ಘಮ. ಇವತ್ತು ಬೆಳಿಗ್ಗೆ ಅವಳೇ ಕುರ್ಚಿ ಹತ್ತಿ ಹತ್ತನೆಯ ಗೀಟು ಹಾಕಿದಳು. ಕೆಳಗಿಳಿದು, “ಇನ್ನು ಎಂಬತ್ತು ಇದೆ ಅಜ್ಜಿ” ಅಂದವಳೇ ತಾತನ ಜೊತೆ ಎದುರು ಮನೆಗೆ ಓಡಿದಳು, ಬ್ರಷ್ಷು ಕೇಳಿಕೊಂಡು.